ಅಂಗಿ ಎತ್ತಿ ನೋಡಿ

ಮಗು ಹುಟ್ಟಿದ ತಾರೀಖು? ಅನ್ನುತ್ತದೆ ಟ್ಯಾಬು.
ಹೊಳೆ ಮನೆಯೊಳಗೆ ಬಂತಲ್ಲ, ಆ ರಾತ್ರಿ, ಅನ್ನುತ್ತಾಳೆ ಕಲೊಂಡು.
ದಿನ, ತಿಂಗಳು, ವರ್ಷ: ಮೂರು ಖಾಲಿ ಚೌಕ.
ಹೊಳೆಗೆ ಚೌಕವಿಲ್ಲ.
ನಾನು ನೆನೆಯುತ್ತೇನೆ. ನೆರೆ ಬಂದದ್ದು ಹೋದ ಏಪ್ರಿಲ್‌ನಲ್ಲಿ,
ನಮ್ಮ ಔಷಧಿ ಪೆಟ್ಟಿಗೆಗಳೂ ತೇಲಿದ್ದವು,
ಜಿಂಕ್ ಮಾತ್ರೆಗಳು ಡಬ್ಬಿಯಲ್ಲೇ ಕರಗಿ ಸುಣ್ಣವಾಗಿದ್ದವು.
ಹದಿನಾರು ತಿಂಗಳು, ಎಂದು ಒತ್ತುತ್ತೇನೆ. ಒಪ್ಪಿಕೊಳ್ಳುತ್ತದೆ.
ಇಷ್ಟು ಬೇಗ ಒಪ್ಪುವವರನ್ನು ಕಂಡರೆ ನನಗೆ ಅನುಮಾನ.

ನೈರೋಬಿಯ ಮುಕುರು. ತಗಡಿನ ಗೋಡೆ, ತಗಡಿನ ಸೂರು,
ಹಿಂದೆ ಬಣ್ಣದ ಕಾರ್ಖಾನೆ, ಮುಂದೆ ಚಪಾತಿ ಸುಡುವವಳು.
ಆರು ಗಂಟೆಗೇ ಬೆಂಚು ತುಂಬಿ ಸಾಲು ಚರಂಡಿ ದಾಟುತ್ತದೆ.
ಹತ್ತೊಂಬತ್ತು ವರ್ಷ ಇದೇ ಕುರ್ಚಿ.
ಕೆಮ್ಮು ಕೇಳಿದರೆ ಯಾವ ಗಲ್ಲಿಯದೆಂದು ಹೇಳಬಲ್ಲೆ:
ಸೀಮೆಎಣ್ಣೆ ಒಲೆಯದು ಒಣಕಲು,
ಹೊಳೆಬದಿಯದು ಹಸಿ.
ನನಗೆ ಈ ಹಲಗೆ ಕಲಿಸಬೇಕೆ?

ಕೆರುಬೊ ಸಿಸ್ಟರ್, ಅಂಜಬೇಡಿ, ಎಂದಿದ್ದ
ತರಬೇತಿಗೆ ಬಂದ ಹುಡುಗ, ಮೀಸೆ ಇನ್ನೂ ಕೂಡಿರಲಿಲ್ಲ.
ಕೆಂಪು ಅಂದರೆ ಆಸ್ಪತ್ರೆ, ಹಳದಿ ಅಂದರೆ ಔಷಧಿ,
ಹಸಿರು ಅಂದರೆ ಮನೆ.
ಮನೆ ಅಂದರೆ? ಎಂದೆ.
ಅವನು ನಕ್ಕ. ನಾನು ನಗಲಿಲ್ಲ.

ಅಂಗಿ ಎತ್ತಿ ನೋಡಿ, ಅನ್ನುತ್ತದೆ ಈಗ.
ನೋಡಿದೆ ಎಂದು ಸುಳ್ಳು ಒತ್ತಿದರೂ ಮುಂದಕ್ಕೆ ಬಿಡದು,
ಉಸಿರು ಎಣಿಸಬೇಕು, ಪೂರಾ ಒಂದು ನಿಮಿಷ,
ಉಸಿರಿಗೊಮ್ಮೆ ಗಾಜಿನ ಮೇಲೆ ಬೆರಳು.
ಸಾಲಿನಲ್ಲಿ ಯಾರೋ ಬೈಯುತ್ತಾರೆ.
ಕಲೊಂಡು ಮೂರು ಅಂಗಿ ಬಿಚ್ಚುತ್ತಾಳೆ, ಒಂದರ ಕೆಳಗೊಂದು,
ಕೊನೆಯದರ ಮೇಲೆ ಯಾವುದೋ ದೇಶದ ಫುಟ್‌ಬಾಲ್ ತಂಡದ ಹುಲಿ.

ಹದಿನೈದು ಸೆಕೆಂಡು. ಮೂಮೊ ನನ್ನ ಗಡಿಯಾರಕ್ಕೆ ಕೈ ಹಾಕುತ್ತದೆ.
ಮೂವತ್ತು. ಪಕ್ಕೆಲುಬಿನ ಕೆಳಗೆ ಚರ್ಮ
ಒಳಕ್ಕೆ, ಮತ್ತೆ ಒಳಕ್ಕೆ,
ಯಾರೋ ಒಳಗೆ ಕೂತು ದಾರ ಎಳೆದ ಹಾಗೆ.
ಈ ದಾರವನ್ನು ನಾನು ಎಷ್ಟು ಕಾಲದಿಂದ ನೋಡಿಲ್ಲ?

ಹೋದ ವರ್ಷ ಒಬ್ಬಳಿದ್ದಳು, ಗಾತೊನಿ. ಹಸಿರು ಸ್ವೆಟರ್.
ಕೆಮ್ಮು ಕೇಳಿದೆ, ಒಣಕಲು ಅಂದೆ,
ಸಿರಪ್ ಬರೆದೆ, ಮುಂದಿನವರು ಎಂದೆ.
ಸ್ವೆಟರ್ ಎತ್ತಲಿಲ್ಲ.
ಅಂದು ನೂರಾ ಹದಿಮೂರು ಮಕ್ಕಳು,
ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.
ಇದು ನೆಪವಲ್ಲ.
ನೆಪವೂ ಹೌದು.

ಐವತ್ತೆಂಟು ಉಸಿರು.
ಕಾಲ್ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು: ಎಂಬತ್ತಾರು.
ಕೆಂಪು.

ತಕ್ಷಣ ದೊಡ್ಡಾಸ್ಪತ್ರೆಗೆ, ಅನ್ನುತ್ತದೆ ಕೆಂಪು.
ತಕ್ಷಣಕ್ಕೆ ಇನ್ನೂರು ಶಿಲಿಂಗ್ ಬಾಡಿಗೆ, ಅನ್ನುವುದಿಲ್ಲ.
ಮನೆಯಲ್ಲಿ ಇನ್ನಿಬ್ಬರು ಇದ್ದಾರೆ ಎಂಬುದಕ್ಕೆ ಗುಂಡಿಯಿಲ್ಲ,
ಗಂಡ ಸಂಜೆತನಕ ಸಿಮೆಂಟು ಹೊರುತ್ತಾನೆ, ಫೋನಿಲ್ಲ, ಎಂಬುದಕ್ಕೂ.
ಅವೆಲ್ಲ ಕಲೊಂಡುವಿನ ಮುಖದ ಮೇಲಿದ್ದವು,
ಒಂದೇ ಪುಟದಲ್ಲಿ.

ಚಪಾತಿಯವಳು ಹಿಟ್ಟಿನ ಕೈ ಒರೆಸಿಕೊಂಡು
ಇಬ್ಬರನ್ನೂ ಇಲ್ಲಿ ಕೂರಿಸಿ ಹೊರಡು, ಅಂದಳು.
ಬೈಕಿನ ಮುಸಿಲಿ ಅರ್ಧ ಬಾಡಿಗೆಗೆ ಒಪ್ಪಿದ.
ಅದನ್ನು ನಾನೇ ಕೊಟ್ಟೆ. ಎಲ್ಲಿ ದಾಖಲಿಸಬೇಕೋ ತಿಳಿಯಲಿಲ್ಲ.
ಮೊದಲ ಇಂಜೆಕ್ಷನ್ ತೊಡೆಗೆ ಚುಚ್ಚಿ ಕಳಿಸಿದೆ;
ಮಗು ಅಳಲೂ ಉಸಿರು ಹುಡುಕುತ್ತಿತ್ತು.

ಮೂರಕ್ಕೆ ಕರೆಂಟು ಹೋಯಿತು, ನಾಲ್ಕಕ್ಕೆ ಟ್ಯಾಬು.
ಕಪ್ಪು ಗಾಜಿನಲ್ಲಿ ನನ್ನ ಮುಖ, ಅದರ ಹಿಂದೆ ಸಾಲು.
ಮುಸಿಲಿ ಇನ್ನೂ ಬಂದಿರಲಿಲ್ಲ.
ಮುಂದಿನವಳು ಮಗುವನ್ನು ಸೊಂಟಕ್ಕೇರಿಸಿ
ಆಗಲೇ ಚೀಟಿಗೆ ಕೈ ಚಾಚಿದ್ದಳು, ಅಭ್ಯಾಸ.
ತಡಿ, ಅಂದೆ,
ಅಂಗಿ ಎತ್ತು.
ಮೇಜಿನ ಹಲಗೆಯ ಮೇಲೆ ನನ್ನ ಬೆರಳು,
ಒಂದು,
ಎರಡು